ತೂಬಿನ ಹಲಗೆ

“ಊರವ್ರೆಲ್ಲ ಕೈ ಎತ್ತಿದ್ರು, ಅದು ಅವ್ರ ಕರ್ಮ. ನೀನೂ ಎತ್ತಿದ್ಯಲ್ಲೆ! ನನ್ನ ಗದ್ದೆ ಅನ್ನ ತಿಂದ ಕೈ ಅದು!”

ಮಾದೇವ ಒಡ್ಡಿನ ಮೇಲೆ ನಿಂತು ಹೆಂಡತಿಗೆ ಕೂಗುತ್ತಿದ್ದ. ಅವನ ಹಿಂದೆ ಅಘನಾಶಿನಿಯ ಉಬ್ಬರದ ನೀರು ತೂಬಿನ ಹಲಗೆಗಳಿಗೆ ಬಡಿಯುತ್ತಿತ್ತು. ಒಳಗಡೆ ಗಜನಿ, ಹೊಳೆಯಂಚಿನ ಉಪ್ಪುನೆಲದ ತಗ್ಗು ಗದ್ದೆ. ಮೊದಲ ಮಳೆಗೆ ಉಪ್ಪು ತೊಳೆದು ಹೋಗಿ ಅವನ ಪಾಲಿನ ತುಂಡಿನಲ್ಲಿ ಕಗ್ಗ ಭತ್ತ ಆಗಷ್ಟೇ ಮೊಳೆತಿತ್ತು. ಬೇರೆ ಯಾರೂ ಬಿತ್ತಿರಲಿಲ್ಲ. ಇಡೀ ಬಯಲನ್ನು ಸಿಗಡಿ ಸಾಕುವ ಗುತ್ತಿಗೆದಾರನಿಗೆ ಕೊಡುವುದೆಂದು ಹಿಂದಿನ ದಿನದ ಸಭೆಯಲ್ಲಿ ಊರವರು ಕೈ ಎತ್ತಿ ತೀರ್ಮಾನಿಸಿದ್ದರು. ಹಲಗೆ ಎತ್ತಿದರೆ ಉಪ್ಪುನೀರು ನುಗ್ಗುತ್ತದೆ. ಸಿಗಡಿ ಅದರಲ್ಲಿ ಬೆಳೆಯುತ್ತದೆ, ಎಳೆ ಪೈರು ಸಾಯುತ್ತದೆ.

“ನಿಮ್ಮ ಗದ್ದೆ ಅನ್ನ ಒಂದೇ ಅಲ್ಲ ತಿಂದದ್ದು,” ಅಂದಳು ಹೇಮಾ. ಊರವರು ಶೆಟ್ಲಿ ಎನ್ನುವ ಸಿಗಡಿಯನ್ನು ಸುಲಿಯುವ ತದಡಿಯ ಶೆಡ್ಡಿಗೆ ಹೊರಟವಳ ಹೆಗಲಲ್ಲಿ ಬುತ್ತಿಯ ಚೀಲವಿತ್ತು. “ಶೆಟ್ಲಿ ಸುಲಿದೇ ಮಗಳು ರೂಪಾನ ನರ್ಸಿಂಗಿಗೆ ಕಳ್ಸಿದ್ದು. ನಿಮ್ಮ ಅಮ್ಮನ ಹೊಟ್ಟೆ ಆಪರೇಶನ್ ಮಾಡ್ಸಿದ್ದೂ ಅದರಲ್ಲೇ. ಆವಾಗ ನಿಮ್ಮ ಕಗ್ಗ ಎಲ್ಲಿತ್ತು?”

“ಅಮೇರಿಕದವ ಶೆಟ್ಲಿ ಮೇಲೆ ಸುಂಕ ಏರ್ಸಿದ ಅಂತ ಶೆಡ್ಡಿಗೆ ಬೀಗ ಹಾಕಿದ್ರಲ್ಲ, ಆವಾಗ ಯಾವ ಗಂಜಿ ಕುಡಿದ್ಯೆ? ಹೇಳು!”

“ಕಗ್ಗದ್ದೇ ಕುಡಿದೆ. ಇಲ್ಲ ಅಂದ್ನಾ? ಹೊಟ್ಟೆ ತುಂಬ್ತು. ಹೊಟ್ಟೆ ಒಂದು ತುಂಬಿದ್ರೆ ಆತಾ?”

ಗುತ್ತಿಗೆದಾರನ ಮೇಸ್ತ್ರಿ ವಿನೋದ ಅದೇ ಊರಿನವ. ಆಳುಗಳನ್ನು ಕರೆದುಕೊಂಡು ಬಂದು ಇದನ್ನೆಲ್ಲ ಕೇಳುತ್ತ ನಿಂತಿದ್ದ.

“ಮಾದೇವಣ್ಣ, ಗಂಡ ಹೆಂಡ್ತಿ ಜಗಳ ಮನೇಲಿ ಮಾಡ್ಕಳಿ. ನೀರು ಇಳಿಯೋದ್ರೊಳಗೆ ನಂಗೆ ಕೆಲ್ಸ ಆಗ್ಬೇಕು. ನಿನ್ನ ಕಗ್ಗದ ಕೆಂಪಕ್ಕಿ ಯಾರಿಗೆ ಬೇಕು ಮಾರಾಯಾ? ನಿನ್ನ ಮಗಳೇ ಬಿಳಿ ಅನ್ನ ಕೇಳ್ತದೆ.”

ಆಳುಗಳು ನಕ್ಕರು. ವಿನೋದ ಬಗ್ಗಿ ಮೇಲಿನ ಹಲಗೆಯನ್ನು ಎಳೆದು ತೆಗೆದ. ಉಪ್ಪುನೀರು ಬುಸುಗುಡುತ್ತ ಒಳಗೆ ಬಿತ್ತು.

ಮಾದೇವ ಹಲಗೆಯನ್ನು ಕಿತ್ತುಕೊಂಡು ಬೀಸಿದ. ಏಟು ವಿನೋದನ ಭುಜಕ್ಕೆ ಬಿತ್ತು. ಅವನು ಕಿರುಚಿಕೊಂಡು ತೂಬಿನ ಕಲ್ಲಿನ ಮೇಲೆ ಬಿದ್ದ. ಮಾದೇವ ಎರಡನೆಯ ಸಲ ಎತ್ತಿದ್ದು ಅವನ ತಲೆಗೆ. ಆಳುಗಳು ಹಿಂದೆ ಸರಿದರು. ಹೇಮಾ ಮಾತ್ರ ಮುಂದೆ ಬಂದು ವಿನೋದನ ತಲೆಗೆ ತನ್ನ ಬಲಗೈ ಅಡ್ಡ ಹಿಡಿದಳು.

ಕೈಗೆ ತಾಗಿ ವಾಲಿದ ಒದ್ದೆ ಹಲಗೆಯ ಅಂಚು ಬೆರಳುಗಳನ್ನು ತಲೆಯ ಪಕ್ಕದ ಕಲ್ಲಿಗೆ ಒತ್ತಿ ಜಜ್ಜಿತು. ಎಲುಬು ಮುರಿದದ್ದು ಎಲ್ಲರಿಗೂ ಕೇಳಿಸಿತು. ಒಂದು ಉಗುರು ಕಿತ್ತು ಕಲ್ಲಿಗೇ ಅಂಟಿಕೊಂಡಿತ್ತು.

“ನಿಂಗಲ್ಲ... ಅಂವಂಗೆ ಹೊಡ್ದದ್ದು,” ಅಂದ ಮಾದೇವ.

ಹೇಮಾ ರಕ್ತ ಸುರಿಯುವ ಕೈಯನ್ನು ಅವನ ಮುಖದ ಹತ್ತಿರ ಹಿಡಿದಳು. “ಕೈ ಎತ್ತಿದ್ದಕ್ಕೆ ಕೈ ಮುರಿದೆ. ಆತಾ? ಇನ್ನು ಇದರಲ್ಲಿ ಶೆಟ್ಲಿ ಸುಲಿಯೂಕೂ ಆಗೂದಿಲ್ಲ, ನಿಂಗೆ ಬಡಿಸೂಕೂ ಆಗೂದಿಲ್ಲ.”

ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಕೈಗೆ ಸುತ್ತಿಕೊಂಡು ಅವಳು ಒಡ್ಡಿನ ಮೇಲೆ ನಡೆದಳು. ರಸ್ತೆಯಲ್ಲಿ ಶೆಡ್ಡಿನ ವ್ಯಾನು ನಿಂತಿತ್ತು.

ಆಳುಗಳು ವಿನೋದನನ್ನು ಎತ್ತಿಕೊಂಡು ಹೋದರು. ನೀರು ಇನ್ನೂ ಗದ್ದೆಗೆ ನುಗ್ಗುತ್ತಿತ್ತು. ಮಾದೇವ ಮೊದಲು ಹಲಗೆಯನ್ನು ತೂಬಿನ ಕಲ್ಲಿನ ಸಂದಿಗೆ ಕೂರಿಸಿದ. ಮೇಲೆ ಹತ್ತಿ ಹಿಮ್ಮಡಿಯಿಂದ ಗುದ್ದಿ ಗುದ್ದಿ ಇಳಿಸಿದ. ನೀರು ನಿಂತ ಮೇಲೆ ತಲೆಯೆತ್ತಿ ನೋಡಿದರೆ ರಸ್ತೆಯಲ್ಲಿ ವ್ಯಾನು ಇರಲಿಲ್ಲ.

ಆ ಮಳೆಗಾಲ ಹಲಗೆ ಮುಟ್ಟುವ ಧೈರ್ಯ ಯಾರೂ ಮಾಡಲಿಲ್ಲ. ರೂಪಾ ಒಂದೇ ಸಲ ಫೋನು ಮಾಡಿ, “ಅಮ್ಮ ನನ್ನ ಹತ್ರ ಇದ್ದಾಳೆ. ಬರೂದಿಲ್ಲ,” ಎಂದು ಇಟ್ಟಳು.

ಕಗ್ಗ ಎದೆಮಟ್ಟ ಬೆಳೆಯಿತು. ತೆನೆ ಬಲಿತು ನೀರಿಗೆ ಬಾಗಿತು. ಕೆಸರಿನಲ್ಲಿ ನಿಂತು ತೆನೆ ಕೊಯ್ಯುವುದು ಹೆಂಗಸರ ಕೆಲಸ. ಮಾದೇವ ಮನೆಮನೆಗೆ ಹೋಗಿ ಕರೆದ. ಯಾರೂ ಬರಲಿಲ್ಲ. ಮರುದಿನ ಬೆಳಿಗ್ಗೆ ಕಾಡುಬಾತುಗಳ ಹಿಂಡು ತೆನೆ ತಿನ್ನಲು ಬಂದು ಗದ್ದೆಗಿಳಿಯಿತು. ಅವನು ಒಡ್ಡಿನ ಮೇಲೆ ಕುಳಿತೇ ಇದ್ದ, ಓಡಿಸಲಿಲ್ಲ.