ಅಂಗೈ ಮುಚ್ಚಿದ ಸಾಲುಗಳು

ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೇ ಯಜಮಾನರು ಕಾಗದ ಹಿಡಿದು ಅಡುಗೆಮನೆಗೆ ಬರುವುದು ವಾಡಿಕೆ. “ಇಲ್ಲೊಂದು ಸಹಿ ಹಾಕು” ಎನ್ನುತ್ತಿದ್ದರು. ಬರೆದದ್ದರ ಮೇಲೆ ಅವರ ಅಗಲವಾದ ಅಂಗೈ ಕೂತಿರುತ್ತಿತ್ತು. ಹೆಂಡತಿಗೆ ಕಾಣುತ್ತಿದ್ದುದು ಕೆಳಗಿನ ಖಾಲಿ ಗೆರೆಯೊಂದೇ. ಆಕೆ ಒದ್ದೆ ಕೈ ಒರೆಸಿಕೊಂಡು ಸಹಿ ಹಾಕಿ, ಉರಿ ತಗ್ಗಿಸಲು ಓಡುತ್ತಿದ್ದಳು. ಅವರ ಹಾಸಿಗೆ ಕಾರ್ಖಾನೆಗೆ ಆಕೆಯೇ ನಿರ್ದೇಶಕಿ. ಹಿಂದೆ ಆಕೆಯ ಅತ್ತೆಯೂ ಹೀಗೇ ನಿರ್ದೇಶಕಿಯಾಗಿದ್ದರು. ಮನೆಯ ಹೆಂಗಸರ ಹೆಸರು ಕಾಗದದಲ್ಲಿರಬೇಕು, ಕಾಗದದಲ್ಲಿ ಏನಿದೆ ಎಂಬುದು ಮಾತ್ರ ಅವರ ಕಿವಿಗೆ ಬೀಳಬಾರದು. ಇದು ಮನೆತನದ ಪದ್ಧತಿ. ಅದೊಂದೇ ಮನೆಯದಲ್ಲ, ಓದುಗರು ತಮ್ಮ ನೆಂಟರಿಷ್ಟರ ಅಂಗಡಿ, ಕಾರ್ಖಾನೆಗಳನ್ನೂ ಒಮ್ಮೆ ನೆನೆಸಿಕೊಳ್ಳಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಾಸಿಗೆ ಮಾಡುವವರೇ ಮರೆತರು. ಕೇಳಿದವರಿಗೆಲ್ಲ ಸಾಲ ಸಿಗುತ್ತಿದ್ದ ಕಾಲದಲ್ಲಿ ಕಾರ್ಖಾನೆಗೆ ಇನ್ನೊಂದು ಮಹಡಿ ಎದ್ದಿತು. ಆಮೇಲೆ ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಹಾಕಿದವು, ಪೇಟೆ ಬಿತ್ತು, ಕೆಲಸಗಾರರು ಕಂಪನಿಯಲ್ಲಿ ಇಟ್ಟಿದ್ದ ಉಳಿತಾಯವೂ ಮುಳುಗಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಸರ್ಕಾರ ಆಗ ಹೊಸ ಕಾನೂನು ತಂದಿತು. ತಡವಾಗಿ ಬಂದರೂ ಅದರ ಮಾತು ನ್ಯಾಯವಾಗಿಯೇ ಇತ್ತು: ಸಹಿ ಹಾಕಿದವರು ಉತ್ತರ ಕೊಡಬೇಕು.

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿಣಿ ಮೆತ್ತಗೇ ಕೇಳಿದರು. “ಕೆಲಸಗಾರರ ಉಳಿತಾಯಾನ ಕಟ್ಟಡಕ್ಕೆ ಹಾಕೋಕೆ ಒಪ್ಪಿಗೆ ಕೊಟ್ಟಿದ್ದೀರಿ. ಈ ಸಹಿ ನಿಮ್ದೇನಾ?”

“ನಂದೇ.”

“ಓದಿದ್ರಾ?”

“ಇಲ್ಲ. ನಮ್ಮ ಯಜಮಾನರ ಕೈ ಅಡ್ಡ ಇತ್ತು.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಗದೆ ಕೂತಿದ್ದವಳು ಕಾರ್ಖಾನೆಯ ಹೊಲಿಗೆ ಅಜ್ಜಿ. ಕಣ್ಣಿನ ಆಪರೇಷನ್ನಿಗೆಂದು ಕಂಪನಿಯಲ್ಲಿ ದುಡ್ಡಿಟ್ಟು ಕಳೆದುಕೊಂಡವಳು, ಈಗ ಗೋಡೆ ಹಿಡಿದು ನಡೆಯುತ್ತಿದ್ದಳು. ಹೊರಗೆ ಬಂದಾಗ ಮೆಲ್ಲಗೆ ಯಜಮಾನರ ಹೆಂಡತಿಯ ಹತ್ತಿರ ಸರಿದು, “ಅಮ್ಮಾ, ನಂಗೆ ಕಣ್ಣು ಕಾಣಲ್ಲ. ನಿಮಗೆ ಕಾಣ್ತಿತ್ತಲ್ಲ?” ಎಂದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಆಕೆಗೆ.

ಯಜಮಾನರು ತಾವು ಬರೀ ಸಂಬಳದ ಮ್ಯಾನೇಜರ್ ಎಂದು ಕೈ ತೊಳೆದುಕೊಂಡರು. ಹೆಂಡತಿಯ ಮೇಲೆ ಮೊಕದ್ದಮೆ ನಿಂತಿತು. ಇನ್ನು ಮುಂದೆ ಆಕೆ ಯಾವ ಕಂಪನಿಗೂ ನಿರ್ದೇಶಕಿಯಾಗುವಂತಿಲ್ಲ ಎಂದೂ ಆದೇಶವಾಯಿತು. ಇಷ್ಟೆಲ್ಲ ಆದ ಮೇಲಾದರೂ ಯಜಮಾನರಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಒಂದು ಬೆಳಗ್ಗೆ ಅವರು ಹೊಸ ಕಾಗದವನ್ನು ಊಟದ ಮೇಜಿನ ಮೇಲೆ, ಹೊಸದಾಗಿ ಮನೆಗೆ ಬಂದ ಸೊಸೆಯ ಮುಂದೆ ಇಟ್ಟರು. ಅಂಗೈ ತನ್ನ ಜಾಗದಲ್ಲೇ ಇತ್ತು.

“ಹೊಸ ಕಂಪನಿ ಕಣಮ್ಮ. ಇಲ್ಲೊಂದು ಸಹಿ ಹಾಕು.”

“ಓದಿ ಹಾಕ್ತೀನಿ ಮಾವ.”

“ಏನು, ಮನೆಯವರ ಮೇಲೆ ನಂಬಿಕೆ ಇಲ್ವಾ?”

“ನಂಬಿಕೆ ಇದೆ. ಆದ್ರೆ ನಾಳೆ ಕೇಳೋರು ನಂಬಿಕೇನ ಕರೆದು ಕೇಳಲ್ಲ, ನನ್ನ ಕರೀತಾರೆ.”

“ಬಂದು ವರ್ಷ ಆಗಿಲ್ಲ, ನಂಗೇ ಕಾನೂನು ಹೇಳ್ತೀಯಾ! ನಿಮ್ಮತ್ತೆ ಇಷ್ಟು ಕಾಲ ಒಂದು ಮಾತು ಕೇಳಿದ್ಲೇನು?”

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಸೊಸೆ ಗಂಡನತ್ತ ನೋಡಿ ನೋಡಿ, ಕೊನೆಗೆ ಪೆನ್ನಿಗೆ ಕೈ ಚಾಚಿದಳು. ಒಲೆಯ ಮುಂದಿದ್ದ ಅತ್ತೆಗೆ ಆ ಕೈಯಲ್ಲಿ ತನ್ನದೇ ಒದ್ದೆ ಕೈ ಕಂಡಿತು. ಒಲೆ ಆರಿಸಿ ಬಂದಳು.

“ಕೇಳಬೇಕಿತ್ತು ರೀ. ಕೇಳದೆ ಇದ್ದಿದ್ದು ನನ್ನ ತಪ್ಪು. ಕೈ ತೆಗೀರಿ.”

ಯಜಮಾನರು ಗುರುಗುಟ್ಟಿ ನೋಡಿದರು, ಕೈ ಕದಲಿಸಲಿಲ್ಲ. ಆಕೆ ಆ ಕೈಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟಳು. ಅಂದುಕೊಂಡಷ್ಟು ಭಾರವೇನೂ ಇರಲಿಲ್ಲ.

“ಜೋರಾಗಿ ಓದು ಮಗಳೇ. ನಂಗೂ ಕೇಳಲಿ.”

ಸೊಸೆ ಓದಿದಳು. ಯಂತ್ರಗಳೆಲ್ಲ ಹೊಸ ಕಂಪನಿಗೆ. ಹಳೆಯ ಬಾಕಿಗಳಿಗೂ ಹೊಸ ಕಂಪನಿಗೂ ಸಂಬಂಧವಿಲ್ಲ.

“ಹೊಲಿಗೆ ಅಜ್ಜಿ ದುಡ್ಡಿನ ಮಾತು ಎಲ್ಲಿದೆ?”

“ಇಲ್ಲ ಅತ್ತೆ.”

“ಹಾಗಾದ್ರೆ ಸಹಿಯೂ ಇಲ್ಲ.” ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. “ಚಪ್ಪಲಿ ಹಾಕ್ಕೋ. ಆ ಅಧಿಕಾರಿಯಮ್ಮ ಓದಿದ್ರಾ ಅಂತ ಕೇಳಿದ್ರು. ಓದಿಸಿ ಕೇಳಿದೀನಿ ಅಂತ ಹೇಳಿ ಬರೋಣ.”