ಲೋಕೊ ಇಕಿಯಲ್ಲಿ ಪ್ರೇಮಿಗಳಿರಲಿಲ್ಲ

ಕೋನಾ ಕರಾವಳಿಯ ಆ ದೊಡ್ಡ ರೆಸಾರ್ಟಿನಲ್ಲಿ ಹೌನಾನಿ ಹತ್ತೊಂಬತ್ತು ವರ್ಷದಿಂದ ಅತಿಥಿಗಳಿಗೆ ಹೂಮಾಲೆ ಕಟ್ಟಲು, ಹುಲಾ ನೃತ್ಯದ ಹೆಜ್ಜೆ ಹಾಕಲು ಕಲಿಸುತ್ತಿದ್ದಳು. ಬೆಳಗ್ಗೆ ಹತ್ತಕ್ಕೆ ಅವರನ್ನೆಲ್ಲ ಗಾಲ್ಫ್ ಮೈದಾನದ ಅಂಚಿನಲ್ಲಿದ್ದ ಲೋಕೊ ಇಕಿಗೆ ಕರೆದೊಯ್ಯುತ್ತಿದ್ದಳು. ಕಡಲಿನ ಒಂದು ಮೂಲೆಗೆ ಕಪ್ಪು ಕಲ್ಲಿನ ಗೋಡೆ ಹಾಕಿ ಹಿಂದಿನವರು ಮಾಡಿದ ಮೀನುಕೊಳ ಅದು. ಅವಳ ಅಜ್ಜಿ ತಿಂದು ಬೆಳೆದದ್ದು ಅದರ ಮೀನನ್ನೇ.

ಮೂರು ತಿಂಗಳ ಹಿಂದೆ ಅರಿಜೋನಾದಿಂದ ಹೊಸ ಮ್ಯಾನೇಜರ್ ಪ್ರೆಸ್ಟನ್ ಬಂದ. ಬಂದವನೇ ಕೊಳದ ಪಕ್ಕ ‘ಪ್ರೇಮಿಗಳ ಕೊಳ’ ಎಂದು ಬೋರ್ಡು ನೆಡಿಸಿದ. ರಾಜಕುಮಾರಿಯೊಬ್ಬಳೂ ಬೆಸ್ತರ ಹುಡುಗನೂ ಕೈಕೈ ಹಿಡಿದು ಅಲ್ಲಿ ಮುಳುಗಿ ಸತ್ತರಂತೆ. ಸ್ಪಾದಲ್ಲಿ ‘ಪ್ರೇಮಿಗಳ ಸ್ನಾನ’ವೂ ಶುರುವಾಯಿತು.

“ಮೊಣಕಾಲುದ್ದ ನೀರು ಅದು. ಅದ್ರಲ್ಲಿ ಯಾರಪ್ಪಾ ಮುಳುಗಿ ಸಾಯ್ತಾರೆ?” ಎಂದು ಹೌನಾನಿ ಅವನ ಆಫೀಸಿಗೇ ಹೋಗಿ ಕೇಳಿದಳು.

“ಆಂಟಿ, ಜನಕ್ಕೆ ಕಥೆ ಬೇಕು.”

“ನಿಜವಾದ ಕಥೆ ಇದೆಯಲ್ಲ! ಊರಿಗೆ ಊರೇ ಸಾಲಾಗಿ ನಿಂತು, ಕೈಯಿಂದ ಕೈಗೆ ಕಲ್ಲು ದಾಟಿಸಿ ಕಟ್ಟಿದ ಗೋಡೆ ಅದು.”

“ಕಲ್ಲಿನ ಕಥೆ ಕೇಳಿ ಯಾರು ಸ್ನಾನ ಮಾಡಿಸ್ಕೋತಾರೆ, ಹೇಳಿ?”

ಅಂದಿನಿಂದ ದಿನಾ ಅದೇ ಗೋಳು. ಅವಳು ಅಮಾಅಮಾ ಮೀನಿನ ಬಗ್ಗೆ ಬಾಯಿ ತೆರೆದರೆ ಸಾಕು, ಯಾರಾದರೊಬ್ಬರು, “ಆ ಪ್ರೇಮಿಗಳು ಹಾರಿದ್ದು ಯಾವ ಜಾಗದಿಂದ?” ಎನ್ನುತ್ತಿದ್ದರು. ಒಬ್ಬ ಹೆಂಗಸಂತೂ ಅತ್ತೇಬಿಟ್ಟಳು. ಇಲ್ಲದ ಹುಡುಗಿಗೆ ಕಣ್ಣೀರು ಹಾಕುತ್ತಿದ್ದವಳಿಗೆ ಕರವಸ್ತ್ರ ಕೊಡಬೇಕಾದದ್ದೂ ಹೌನಾನಿಯೇ.

ಆ ಗುರುವಾರ ಹೊಸದಾಗಿ ಮದುವೆಯಾದ ಜೋಡಿಯೊಂದು ಹೌನಾನಿ ಬೇಡ ಬೇಡವೆಂದರೂ ಫೋಟೋಗಾಗಿ ಗೋಡೆ ಹತ್ತಿತು. ಚಳಿಗಾಲದ ಅಲೆಗಳಿಗೆ ಮೊದಲೇ ಸಡಿಲವಾಗಿದ್ದ ಕಲ್ಲುಗಳು ದಡಬಡನೆ ಜಾರಿದವು. ಜೋಡಿ ನೀರಿಗೆ ಬಿತ್ತು, ಏಟೇನೂ ಆಗಲಿಲ್ಲ. ಗೋಡೆಯಲ್ಲಿ ಮಾತ್ರ ಎರಡಾಳಿನಷ್ಟು ಅಗಲದ ಕಂಡಿ ಬಿತ್ತು.

“ಪ್ರೇಮಿಗಳೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ! ಇಲ್ಲಿದ್ದದ್ದು ಮೀನು! ಬರೀ ಮೀನು!” ಎಂದು ಹೌನಾನಿ ಕಿರುಚಿದ್ದು ಗಾಲ್ಫ್ ಮೈದಾನದ ಹದಿನಾಲ್ಕನೇ ಕುಳಿಯಲ್ಲಿ ಆಡುತ್ತಿದ್ದವರಿಗೂ ಕೇಳಿಸಿತು.

ಅರ್ಧ ಗಂಟೆಯಲ್ಲಿ ಅವಳು ಪ್ರೆಸ್ಟನ್ ಎದುರು ಕುಳಿತಿದ್ದಳು. ಅತಿಥಿಗಳ ಜೊತೆ ದನಿ ಎತ್ತಬಾರದೆಂದು ಅವನು ನಯವಾಗಿ ಪಾಠ ಹೇಳುತ್ತಿದ್ದ. ಅಷ್ಟರಲ್ಲಿ ಮೈದಾನದ ಹುಲ್ಲು ಕತ್ತರಿಸುವ ಕವೀಕಾ, ಅವಳ ಚಿಕ್ಕಪ್ಪನ ಮಗ, ಒದ್ದೆ ಪ್ಯಾಂಟಿನಲ್ಲೇ ಬಾಗಿಲಿಗೆ ಬಂದ.

“ಅಕ್ಕಾ, ನೀರು ಇಳೀತಾ ಇದೆ. ಮೀನೆಲ್ಲ ಕಂಡಿಯಿಂದ ಕಡಲಿಗೆ ಹೋಗ್ತಿವೆ. ಬಲೆ ಅಡ್ಡ ಕಟ್ಟಿ ಬಂದಿದೀನಿ, ತುಂಬ ಹೊತ್ತು ತಡೆಯಲ್ಲ.”

ಹೌನಾನಿ ಎದ್ದಳು.

“ನಾನಿನ್ನೂ ಮಾತು ಮುಗಿಸಿಲ್ಲ, ಆಂಟಿ.”

“ಅಲ್ಲಿಗೆ ಬಂದು ಮುಗಿಸು.”

ಕೊಳದ ಹತ್ತಿರ ಅತಿಥಿಗಳಿನ್ನೂ ಪಿಸುಗುಡುತ್ತ ನಿಂತಿದ್ದರು. ಹೌನಾನಿ ಲಂಗ ಎತ್ತಿಕಟ್ಟಿ ನೀರಿಗಿಳಿದು, ಬಿದ್ದ ಕಲ್ಲೊಂದನ್ನು ಎತ್ತಿ ಕವೀಕಾನಿಗೆ ಕೊಟ್ಟಳು. ಇಬ್ಬರಿಂದ ಆಗುವ ಕೆಲಸವಲ್ಲ ಅದು. “ನೋಡ್ತಾ ನಿಂತ್ರೆ ಕಲ್ಲು ತಾನಾಗೇ ಏಳುತ್ತಾ?” ಎಂದು ದಡದತ್ತ ಗದರಿದಳು.

ಮೊದಲು ಇಳಿದವಳು ಗೋಡೆ ಬೀಳಿಸಿದ ಮದುಮಗಳೇ. “ಆಂಟಿ, ತಪ್ಪಾಯ್ತು. ಎಲ್ಲಿ ನಿಲ್ಲಲಿ?” ಎಂದಳು. ಅವಳ ಹಿಂದೆ ಗಂಡ, ಆಮೇಲೆ ಗಾಲ್ಫ್ ಆಡುತ್ತಿದ್ದ ಇಬ್ಬರು ಮುದುಕರು. ನೋಡುನೋಡುತ್ತ ಹದಿನಾರು ಜನರ ಸಾಲಾಯಿತು. ಅವಳ ಹಿಂದೆಯೇ ಬಂದಿದ್ದ ಪ್ರೆಸ್ಟನ್ ದಡದಲ್ಲಿ ಒಂದು ಗಳಿಗೆ ನಿಂತ. ಸಾಲಿನ ನಡುವೆ ಒಂದು ಕಡೆ ಕೈಗೆ ಕೈ ಎಟುಕುತ್ತಿರಲಿಲ್ಲ. ಅವನು ಬೂಟು ಬಿಚ್ಚಿ ಅಲ್ಲಿ ಹೋಗಿ ನಿಂತ.

ಯಾವ ಕಲ್ಲು ಎಲ್ಲಿ ಕೂರಬೇಕೆಂದು ಕವೀಕಾ ತಿರುವಿ ತಿರುವಿ ನೋಡಿ ಇಡುತ್ತಿದ್ದ. ಮಧ್ಯಾಹ್ನ ಮೂರರ ಹೊತ್ತಿಗೆ ಕಂಡಿ ಮುಚ್ಚಿತು. ಮೀನು ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು. ಪ್ರೆಸ್ಟನ್ ಕೆಂಪಾದ ಅಂಗೈಗಳನ್ನು ನೋಡಿಕೊಳ್ಳುತ್ತ ದಡದಲ್ಲಿ ಕೂತ.

“ಇಷ್ಟುದ್ದ ಗೋಡೇನೂ ಹೀಗೇ ಕಟ್ಟಿದ್ರಾ?”

“ಮತ್ತೆ? ಮೂರು ತಿಂಗಳಿಂದ ನಾನು ಬಡ್ಕೋತಾ ಇರೋದೇನು?”

“ಬೋರ್ಡು ನಾಳೆ ತೆಗೆಸ್ತೀನಿ.” ಹೌನಾನಿಗೆ ಎದೆ ಹಗುರಾಯಿತು. ಏನಾದರೂ ಒಳ್ಳೆಯ ಮಾತು ಹೇಳೋಣವೆಂದುಕೊಂಡಳು. ಅಷ್ಟರಲ್ಲಿ ಅವನ ಕಣ್ಣು ಮಿನುಗಿತು. “ಆಂಟಿ, ಇದನ್ನೇ ವಾರವಾರ ಮಾಡಿಸಿದ್ರೆ? ಕಲ್ಲು ಹೊತ್ತವರಿಗೆ ಆಮೇಲೆ ಸ್ಪಾದಲ್ಲಿ ಬೆನ್ನಿಗೆ ಮಾಲೀಶು!”

ಹೌನಾನಿ ಹಣೆ ಚಚ್ಚಿಕೊಂಡಳು. ಆದರೆ ಉತ್ತರದ ತುದಿಯಲ್ಲೂ ಗೋಡೆ ಕುಸಿದಿರುವುದು ನೆನಪಾಯಿತು.

“ಕಥೆ ನಾನು ಹೇಳ್ತೀನಿ. ನೀನು ಒಂದಕ್ಷರ ಸೇರಿಸ್ಕೂಡ್ದು. ಪ್ರತಿ ಸಲಾನೂ ಸಾಲಲ್ಲಿ ನೀನೂ ನಿಲ್ಬೇಕು.”

ಮುಂದಿನ ಶನಿವಾರ ಇಪ್ಪತ್ತೆರಡು ಜನ ಬಂದರು. ಒಬ್ಬ ಕಲ್ಲುಗಳನ್ನು ಮೊದಲು ತೊಳೆದಿದ್ದಾರೆಯೇ ಎಂದು ವಿಚಾರಿಸಿದ. ಇನ್ನೊಬ್ಬಳಿಗೆ ಕೊಟ್ಟ ಕೈಗವಸಿನ ಬಣ್ಣ ಹಿಡಿಸಲಿಲ್ಲ. ಹೌನಾನಿ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟು, ಅವಳ ಕೈಗೆ ಸಾಲಿನ ಅತಿ ಭಾರದ ಕಲ್ಲನ್ನು ಕೊಟ್ಟಳು.