ಮೂರನೆಯ ಪಾಠದ ವಾಕ್ಯ

ಸರಿರಾತ್ರಿಯಲ್ಲಿ ಪಕ್ಕದ ಕೋಣೆಯಿಂದ ‘ಖ್... ಖ್...’ ಎಂಬ ಸಣ್ಣ ಸದ್ದು, ಗಂಟಲಲ್ಲಿ ಅವಲಕ್ಕಿ ಸಿಕ್ಕಿದವರ ಹಾಗೆ. ಲೀಲಾಬಾಯಿ ಮಗ್ಗಲು ಬದಲಿಸಿದಳು. ಬೆಳಗಾದರೆ ಊರು ಬಿಡುವ ನೆಗೆಣ್ಣಿ ಗಂಗೂಬಾಯಿ ಆಫ್ರಿಕಾನ್ಸ್ ಭಾಷೆಯ ‘ಗ’ವನ್ನು, ಗಂಟಲಿನಿಂದ ‘ಖ್’ ಎಂದು ಹೊರಡಿಸಬೇಕಾದ ಅಕ್ಷರವನ್ನು, ಇನ್ನೂ ತೀಡುತ್ತಿದ್ದಳು.

ಗಂಗೂಬಾಯಿಯ ಗಂಡ ಬಾಳಕೃಷ್ಣ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲಿನ ಅಂಗಡಿಯೊಂದರಲ್ಲಿ ಗುಮಾಸ್ತ. ಹೆಂಡತಿಯನ್ನು ಕರೆಸಿಕೊಳ್ಳಲು ಪರವಾನಗಿ ಸಿಕ್ಕಿದ್ದೇ ತಡ, ಇಂಗ್ಲಿಷಿನಲ್ಲಿದ್ದ ಪಾಠದ ಪುಸ್ತಕ ಕಳಿಸಿ, ವೈನಿಯೇ, ಅಂದರೆ ಅತ್ತಿಗೆ ಲೀಲಾಬಾಯಿಯೇ, ಕಲಿಸಲಿ ಎಂದಿದ್ದ. ರಾಮದುರ್ಗದ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ ವರ್ಷವಾಗಿತ್ತಷ್ಟೇ. ಆ ಊರಿನ ಅವರ ಓಣಿಯಲ್ಲಿ ಬಿ.ಎ. ಆದ ಸೊಸೆ ಲೀಲಾಬಾಯಿ ಒಬ್ಬಳೇ. ಅವಳು ಶಾಲೆಯಲ್ಲಿ ಕಲಿಸಲು ಹೋಗುವುದಕ್ಕೂ ಅತ್ತೆ ಬಿಟ್ಟಿರಲಿಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ಗಂಗೂ ಈಗ ಹಡಗು ಹತ್ತುವವಳು.

ಅವಳಿಗೆ ಭಾಷೆ ಬೇಗ ಹತ್ತಿತು. ನಾನು, ನೀನು, ಅವರು, ಯಾರೇ ಹೋಗಲಿ, ಕ್ರಿಯಾಪದ ಒಂದೇ: ‘ಖಾನ್’. ಅತ್ತೆ ಹೋದರೂ ಆಳು ಹೋದರೂ ಅಷ್ಟೇನಾ ಎಂದು ಗಂಗೂ ನಕ್ಕಿದ್ದಳು. ಲೀಲಾಬಾಯಿಗೆ ನಗು ಬಂದಿರಲಿಲ್ಲ. ಕಲಿಸುವ ತನ್ನ ಗಂಟಲಿಗೆ ಒಲಿಯದ ‘ಗ’ ಕಲಿಯುವವಳಿಗೆ ಒಲಿದಿತ್ತು.

ಮೂರನೆಯ ಪಾಠದಲ್ಲಿ ‘ನನ್ನ ಗಂಡನ ಹೆಸರು’ ಎಂಬ ವಾಕ್ಯವಿತ್ತು. ಗಂಗೂ ಸೆರಗನ್ನು ಬಾಯಿಗಿಟ್ಟುಕೊಂಡಳು. ಬಂದರಿನಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ, ಬಾಯಿ ಬಿಡದವಳನ್ನು ಒಳಗೆ ಬಿಡಲಿಕ್ಕಿಲ್ಲ ಎಂದು ಲೀಲಾಬಾಯಿಗೆ ಗೊತ್ತಿತ್ತು. ಗೊತ್ತಿದ್ದೂ ಪುಟ ಮಗುಚಿದ್ದಳು. ತಿರುಗಿ ಬಂದರೆ ಬರಲಿ.

ಬೆಳಿಗ್ಗೆ ಮುಂಬಯಿಯವರೆಗೆ ಕಳಿಸಿಬರಲು ಲೀಲಾಬಾಯಿಯ ಗಂಡ ಹೊರಗೆ ಅವಸರಪಡಿಸುತ್ತಿದ್ದ. ಗಂಗೂ ಒಳಗೆ ಬಂದು ಕಾಲಿಗೆ ಬಿದ್ದಳು.

“ಅಲ್ಲೆ ನಾ ತಪ್ಪಿದ್ರ ನಿಮ್ಮ ಹೆಸರು ಕೆಡತದ ಅಕ್ಕಾ. ಎಲ್ಲಾ ಕಲಿಸೀರಿ ಹೌದಲ್ಲ?”

ಲೀಲಾಬಾಯಿ ಬಾಗಿಲಿಗೆ ಅಗಳಿ ಹಾಕಿದಳು. “ಒಂದು ಉಳದದ. ಗಂಡನ ಹೆಸರು ಹೇಳು.”

“ಹೆಂಗ ಹೇಳ್ಲಿ? ಅವರ ಆಯುಷ್ಯ ಕಡಿಮಿ ಆಗ್ತದಂತ.”

“ಹೇಳದಿದ್ರ ಬಂದರದಿಂದನ ಹೊಳ್ಳಿ ಕಳಸ್ತಾರ.”

ಗಂಗೂ ಮತ್ತೆ ಸೆರಗನ್ನು ಬಾಯಿಗಿಟ್ಟುಕೊಂಡಳು. ಆಗ ಲೀಲಾಬಾಯಿಯೇ ಕಣ್ಣು ಮುಚ್ಚಿಕೊಂಡು ಮೂರನೆಯ ಪಾಠದ ಆ ವಾಕ್ಯವನ್ನು ಹೇಳಿದಳು: “ಮೇಯ್ ಮನ್ ಸ ನಾಮ್ ಇಸ್ ದಿಗಂಬರ.”

ಮದುವೆಯಾದಂದಿನಿಂದ ಗಂಡನ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಗಂಗೂ ಬೆರಗಿನಿಂದ ನೋಡಿ, ಪಿಸುಮಾತಿನಲ್ಲಿ ‘ಬಾಳಕೃಷ್ಣ’ ಎಂದಳು. ಮತ್ತೊಮ್ಮೆ ಎಂದಳು, ಎದುರಿಗಿದ್ದವನನ್ನು ಕರೆಯುವ ಹಾಗೆ. ಮುಖವೆಲ್ಲ ಕೆಂಪಾಯಿತು. ಅದನ್ನು ನೋಡಿ ಲೀಲಾಬಾಯಿಯ ಹೊಟ್ಟೆ ಮತ್ತೆ ಉರಿಯಿತು.

ಒಳಗೇನು ನಡೆದಿದೆ ಎಂದು ದಿಗಂಬರ ಬಾಗಿಲು ಬಡಿದ.

“ಸೀರಿ ಗಂಟು ಕಟ್ಲಿಕ್ಕೆ ಹತ್ತೇವ್ರಿ,” ಎಂದು ಲೀಲಾಬಾಯಿ ಅಗಳಿ ತೆಗೆದಳು. ಹೆಸರು ಹೇಳಿದ್ದನ್ನೂ, ಪುಟ ಮಗುಚಿದ್ದನ್ನೂ ಯಾರಿಗೂ ಹೇಳುವುದಿಲ್ಲವೆಂದು ಆಗಲೇ ನಿಶ್ಚಯಿಸಿದ್ದಳು.